ಹನ್ನೆರಡನೇ ಕಲ್ಲುಗುಪ್ಪೆ

ಬಾಗಿಲು ಬಡಿದ ಸದ್ದು ಮೂರು ಸಲ ಕೇಳಿತು. ನಾಲ್ಕನೆಯದು ಬಡಿತವಲ್ಲ, ಯಾರೋ ಹಣೆಯನ್ನೇ ಹಲಗೆಗೆ ಆನಿಸಿ ನಿಂತ ಹಾಗಿತ್ತು.

ಹೆಣೆಯುತ್ತಿದ್ದ ಉಣ್ಣೆಯನ್ನು ಕುರ್ಚಿಯ ಮೇಲೆ ಬಿಟ್ಟು, ಹಜಾರದ ದೀಪ ಹಾಕಿ, ಅಗುಳಿ ತೆಗೆದೆ. ಹೊಸ್ತಿಲಲ್ಲಿ ಒಂದು ಆಕಾರ ನಿಂತಿತ್ತು. ಎದೆಯವರೆಗೆ ಕಪ್ಪು ಕೆಸರು. ಬಲಗಾಲಿನಲ್ಲಿ ಬೂಟು, ಎಡಗಾಲಿನಲ್ಲಿ ಬೂಟೂ ಇಲ್ಲ, ಕಾಲುಚೀಲವೂ ಇಲ್ಲ. ಕೊರಳಿಗೆ ಜೋತುಬಿದ್ದ ದಿಕ್ಸೂಚಿಯ ಮೇಲೆ ಕೆಸರು ಮೆತ್ತಿ, ಉತ್ತರ ದಿಕ್ಕೇ ಕಾಣದಂತಾಗಿತ್ತು.

“ಯಾರ ಕೆಲಸ ಇದು?” ಎಂದು ಆ ಆಕಾರ ನನ್ನನ್ನು ಕೇಳಿತು.

ನಾನು ಉತ್ತರಿಸುವ ಮೊದಲೇ ಛತ್ರಿಯ ಬುಟ್ಟಿಯನ್ನು ತಬ್ಬಿಕೊಂಡು ನೆಲಕ್ಕೆ ಕುಸಿಯಿತು.

ಮೂರು ಬಕೆಟ್ ಬಿಸಿನೀರು ಸುರಿದ ಮೇಲೆ ಕೆಸರಿನೊಳಗಿನಿಂದ ಒಬ್ಬ ಗೌರವಾನ್ವಿತ ವ್ಯಕ್ತಿ ಹೊರಬಂದರು: ಲೀಡ್ಸ್ ನಗರದ ನಿವೃತ್ತ ಮುಖ್ಯೋಪಾಧ್ಯಾಯರೂ ಅಲ್ಲಿನ ಚಾರಣ ಸಂಘದ ಅಧ್ಯಕ್ಷರೂ ಆದ ಕತ್ಬರ್ಟ್ ಪಿಕರ್ಸ್‌ಗಿಲ್. ಇಪ್ಪತ್ತು ವರ್ಷಗಳಿಂದ ನಮ್ಮ ಬೆಟ್ಟಗಳಲ್ಲಿ ದಾರಿ ತಪ್ಪುವವರ ಬಗ್ಗೆ ಪತ್ರಿಕೆಗಳಿಗೆ ಕಟುವಾದ ಪತ್ರಗಳನ್ನು ಬರೆಯುತ್ತಿದ್ದವರು. ಅಂಥವರು ನನ್ನ ಅಡುಗೆಮನೆಯ ಒಲೆಯ ಮುಂದೆ, ತೀರಿಹೋದ ನನ್ನ ಗಂಡನ ರಾತ್ರಿಯಂಗಿ ತೊಟ್ಟು, ಕುರಿಮಾಂಸ ಆಲೂಗಡ್ಡೆಯ ಬಿಸಿ ಸಾರು ಹೀರುತ್ತ ಕುಳಿತಿದ್ದರು. ಇಂಥ ದೃಶ್ಯವನ್ನು ನೋಡಿ ಸುಖಪಡುವುದು ಸಜ್ಜನಿಕೆಯಲ್ಲ. ನಾನು ಸುಖಪಟ್ಟೆ.

ನನ್ನ ಹೆಸರು ಡೈನಾ ಬ್ರೈತ್‌ವೇಟ್. ಸ್ಟಾಂಗ್‌ತ್ವೇಟ್ ಕಣಿವೆಯ ಡಾಂಬರು ರಸ್ತೆ ಎಲ್ಲಿ ಕೊನೆಯಾಗುತ್ತದೋ ಅಲ್ಲಿ ನನ್ನ ಮನೆ. ನಾಲ್ಕು ಕೋಣೆಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತೇನೆ. ಮನೆಯ ಹಿಂದೆ ಬ್ಲೀಮೈರ್ ಫೆಲ್ ಎದ್ದು ನಿಂತಿದೆ. ನಾವು ಗುಡ್ಡವನ್ನು ಫೆಲ್ ಎನ್ನುತ್ತೇವೆ; ಬ್ಲೀಮೈರನ್ನು ಮಾತ್ರ, ಪ್ರವಾಸಿಗರು ಹತ್ತಿರ ಇಲ್ಲದಾಗ, ‘ಸ್ಪಂಜು’ ಎನ್ನುತ್ತೇವೆ. ಕೈಪಿಡಿಗಳಲ್ಲಿ ಅದಕ್ಕೆ ಒಂದೂವರೆ ಸಾಲು ಸಿಕ್ಕಿದೆ. ಒಂದು ಸಾಲು ಅದರ ಜವುಗಿನ ಬಗ್ಗೆ, ಅರ್ಧ ಸಾಲು ಅದರ ನೆತ್ತಿಯಿಂದ ಕಾಣುವ ಶಿಖರಗಳ ಬಗ್ಗೆ. ಆ ಅರ್ಧ ಸಾಲನ್ನು ನಂಬಿ ಬರುವವರು ಇಳಿಯುವಾಗ ಮೊದಲು ಬಡಿಯುವ ಬಾಗಿಲು ನನ್ನದು.

ಆ ವರ್ಷ ಎದೆಮಟ್ಟ ಕೆಸರಿನಲ್ಲಿ ನನ್ನ ಬಾಗಿಲಿಗೆ ಬಂದವರಲ್ಲಿ ಪಿಕರ್ಸ್‌ಗಿಲ್ ಒಂಬತ್ತನೆಯವರು. ಅವರಿಗಿಂತ ಮುಂಚೆ ಒಬ್ಬ ಪಾದ್ರಿ, ಇಬ್ಬರು ದಾದಿಯರು, ಮರುದಿನದ ತಿಂಡಿಯವರೆಗೂ ಪರಸ್ಪರ ಮಾತಾಡದ ನವದಂಪತಿ, ಮತ್ತು ತಾನು ಮುಳುಗಿ ನಾಯಿಯನ್ನು ಒಣದಾಗಿ ಉಳಿಸಿದ ಒಬ್ಬ ದಂತವೈದ್ಯ, ಹೀಗೆ ಬಗೆಬಗೆಯವರು ಬಂದುಹೋಗಿದ್ದರು. ದಾದಿಯರಲ್ಲಿ ಒಬ್ಬಳ ಕಾಲು ಮುರಿದು, ಅವಳನ್ನು ಹೊತ್ತು ತರಬೇಕಾಗಿತ್ತು. ಎಲ್ಲರೂ ಒಂದೇ ಮಾತು ಹೇಳಿದ್ದರು: ಮಂಜು ಕವಿದಿತ್ತು, ನಾವು ಕಲ್ಲುಗುಪ್ಪೆಯನ್ನೇ ನಂಬಿ ನಡೆದೆವು.

ಬ್ಲೀಮೈರಿನ ಬೆನ್ನಿನ ಮೇಲೆ ದಾರಿ ತೋರಿಸಲು ಹನ್ನೊಂದು ಕಲ್ಲುಗುಪ್ಪೆಗಳಿವೆ. ಅವು ನಮ್ಮಜ್ಜಂದಿರ ಕಾಲದವು. ಒಂದರಿಂದ ಒಂದಕ್ಕೆ ನಡೆದರೆ ಕಾಲು ಬಂಡೆಯ ಮೇಲೇ ಇರುತ್ತದೆ. ಕಳೆದೆರಡು ವರ್ಷಗಳಲ್ಲಿ ಹನ್ನೆರಡನೆಯದೊಂದು ಎದ್ದಿತ್ತು. ಹನ್ನೊಂದನೆಯದರ ಬಳಿ ನಿಂತು ನೋಡಿದರೆ ಅದು ನೂರು ಗಜ ಬಲಕ್ಕೆ, ಒಂದು ದಿಬ್ಬದ ಮೇಲೆ, ಮಂಜಿನಲ್ಲೂ ಕಾಣುವಷ್ಟು ಎತ್ತರವಾಗಿ ನಿಂತು ಕರೆಯುತ್ತಿತ್ತು. ನಡುವೆ ಬಿಲಿಯರ್ಡ್ಸ್ ಮೇಜಿನಂತೆ ಸಪಾಟಾದ ಹಸಿರು. ಹಸಿರಿನ ಕೆಳಗೆ ತಳವಿಲ್ಲದ ಜವುಗು. ಬಿಸಿಲಿದ್ದ ದಿನ ಜನ ಕುರಿಗಳ ಕಾಲುದಾರಿ ಹಿಡಿದು ಹಿಂದಿನಿಂದ ಸುತ್ತಿ, ನೋಟಕ್ಕಾಗಿ ಆ ದಿಬ್ಬಕ್ಕೆ ಹೋಗುತ್ತಿದ್ದರು. ಮಂಜಿದ್ದ ದಿನ ನೇರವಾಗಿ ನಡೆದು ನನ್ನ ಮನೆಗೆ ಬರುತ್ತಿದ್ದರು.

ಬೇರೆ ಎಂಟು ಜನ ಸಾರು ಕುಡಿದು, ನಕ್ಕು, ಊರಿಗೆ ಹೋದರು. ಪಿಕರ್ಸ್‌ಗಿಲ್ ಸಾರು ಕುಡಿದು ಕಾಗದ ಕೇಳಿದರು. ದೂರು ಹನ್ನೊಂದು ಪುಟವಾಯಿತು. ಅದರ ಕೊನೆಯಲ್ಲಿ ಅಪರಾಧಿಯ ಹೆಸರೂ ಇತ್ತು: ಐಸಾಕ್ ಮೌನ್ಸಿ.

*

ಐಸಾಕ್ ನನ್ನ ನೆರೆಯವನು. ಗುಡ್ಡದ ಮೇಲಿನ ಹುಲ್ಲು, ಕೆಳಗಿನ ಹೊಲ, ಮನೆ, ಕೊಟ್ಟಿಗೆ ಎಲ್ಲವೂ ಎಸ್ಟೇಟಿನ, ಅಂದರೆ ಕಣಿವೆಯ ಜಮೀನ್ದಾರರ, ಆಸ್ತಿ. ಅವನು ಗುತ್ತಿಗೆಯ ಒಕ್ಕಲು. ಅವನಪ್ಪ, ಅವನಜ್ಜ ಎಲ್ಲರೂ ಹಾಗೆಯೇ. ಹತ್ತು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಟೋಪಿಯನ್ನು ಕೈಯಲ್ಲಿ ಹಿಡಿದು ನನ್ನ ಅಡುಗೆಮನೆಗೆ ಬಂದ. ಅವನು ಟೋಪಿ ತೆಗೆಯುವುದು ಶವಸಂಸ್ಕಾರದಲ್ಲಿ ಮಾತ್ರ. ನಾನು ಗಾಬರಿಯಾದೆ.

“ಓದು ಹುಡುಗೀ,” ಎಂದು ಒಂದು ಲಕೋಟೆ ಚಾಚಿದ. ನನಗೆ ಅರವತ್ತೆರಡು. ಐಸಾಕ್‌ನಿಗೆ ತೊಟ್ಟಿಲಿನಿಂದ ಶವಪೆಟ್ಟಿಗೆಯವರೆಗೆ ಹೆಂಗಸರೆಲ್ಲ ಹುಡುಗಿಯರೇ.

“ಕನ್ನಡಕ ಎಲ್ಲಿ ಬಿಟ್ಟೆ?”

“ಕನ್ನಡಕ ಜೇಬಲ್ಲೇ ಐತೆ. ಧೈರ್ಯ ಮನೇಲಿ ಬಿಟ್ ಬಂದೀನಿ.”

ಪತ್ರ ಬರೆದವರು ಎರಡು ವರ್ಷದ ಹಿಂದೆ ಬಂದ ಎಸ್ಟೇಟಿನ ವ್ಯವಸ್ಥಾಪಕ ಜೈಲ್ಸ್ ಹೆಸ್ಕೆತ್. ಸಾರ್ವಜನಿಕರ ಕಾಲುದಾರಿಯನ್ನು ದುರುದ್ದೇಶದಿಂದ ತಪ್ಪಿಸಿದ ಒಕ್ಕಲು ಗುತ್ತಿಗೆಯ ಹಕ್ಕನ್ನು ಕಳೆದುಕೊಳ್ಳತಕ್ಕದ್ದು ಎಂಬುದಾಗಿ ಕರಾರಿನಲ್ಲಿ ಕಲಮು ಇದೆ. ಸ್ಥಳಪರಿಶೀಲನೆ ಬರುವ ಗುರುವಾರ. ತಪ್ಪು ಸಾಬೀತಾದರೆ ಮಾರ್ಚ್ ಅಂತ್ಯದೊಳಗೆ ಮನೆ ತೆರವು ಮಾಡಬೇಕು. ಪರಿಶೀಲನೆಯ ನಡಾವಳಿ ಬರೆಯಲು ಊರಿನ ಸಭೆಯ ಕಾರ್ಯದರ್ಶಿ ಹಾಜರಿರಬೇಕು. ಆ ಕಾರ್ಯದರ್ಶಿ ನಾನೇ.

ಐಸಾಕ್ ಟೋಪಿಯ ಅಂಚನ್ನು ತಿರುವುತ್ತ ಕುಳಿತ.

“ನಾನ್ ಹೋದ್ರೆ ಕುರಿಗಳು ಏನ್ ಮಾಡ್ತವೆ ಗೊತ್ತಾ?” ಎಂದ.

“ಏನ್ ಮಾಡ್ತವೆ? ಮೇಯ್ತವೆ.”

“ಅದೇ! ಮೇಯ್ತಾನೇ ಇರ್ತವೆ. ತಿರುಗೀನೂ ನೋಡಲ್ಲ, ಮುಂಡೇವು.”

ಅವನ ದುಃಖವೆಲ್ಲ ಅಷ್ಟರಲ್ಲೇ ಇತ್ತು. ನಮ್ಮ ಕುರಿಗಳಿಗೆ ಬೇಲಿಯಿಲ್ಲ. ತನ್ನ ಪಾಲಿನ ಗುಡ್ಡ ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಮರಿ ತಾಯಿಯ ಹಿಂದೆ ನಡೆದು ಕಲಿಯುತ್ತದೆ. ಆಮೇಲೆ ಅದನ್ನು ಬಿಟ್ಟು ಹೋಗುವುದಿಲ್ಲ. ಆದ್ದರಿಂದ ಒಕ್ಕಲು ಬದಲಾದಾಗ ಮಂದೆ ಬದಲಾಗುವುದಿಲ್ಲ. ಅದು ಗುಡ್ಡದ ಜೊತೆಗೇ ಉಳಿಯುತ್ತದೆ. ಐಸಾಕ್ ಹೋಗುವುದಾದರೆ ನಾಯಿಯೊಂದನ್ನು ಕರೆದುಕೊಂಡು, ಬಾರೋ ಪಟ್ಟಣದಲ್ಲಿ ತಂಗಿ ಬಾಡಿಗೆಗೆ ಹಿಡಿದಿರುವ ಮೂರನೇ ಮಹಡಿಗೆ ಹೋಗಬೇಕು. ಅವನಿಗೆ ಅರವತ್ತೆಂಟು. ಅವನು ಈವರೆಗೆ ಹತ್ತಿದ ಮೆಟ್ಟಿಲುಗಳೆಂದರೆ ಚರ್ಚಿನವು ಎರಡು, ಪಬ್ಬಿನದು ಒಂದು.

“ನಿಜ ಹೇಳು ಐಸಾಕ್. ಆ ಗುಪ್ಪೆ ಕಟ್ಟಿದ್ದು ನೀನೇನಾ?”

“ನೀನು ಅದನ್ನ ನೋಡಿದೀಯಾ?” ಅವನ ಮುಖ ಕೆಂಪಾಯಿತು. “ಹೊಟ್ಟೆ ಬಂದ ಪಾದ್ರಿ ನಿಂತಂಗೈತೆ. ನಾನು ಕಟ್ಟಿದ್ರೆ ಹಂಗಿರ್ತಿತ್ತಾ? ನಾನು ಕಟ್ಟಿದ್ರೆ ನೂರ್ ವರ್ಷ ಒಂದ್ ಕಲ್ಲು ಅಲ್ಲಾಡ್ತಿರಲಿಲ್ಲ.”

“ಗುರುವಾರ ಅವರ ಮುಂದೆ ದಯವಿಟ್ಟು ಈ ಮಾತು ಆಡ್ಬೇಡ.”

“ಯಾಕೆ? ಸತ್ಯ ಅಲ್ವಾ?”

“ಸತ್ಯಾನೇ. ಅದಕ್ಕೇ ಬೇಡ ಅಂದಿದ್ದು.”

*

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ನಾವು ಐವರು ನನ್ನ ಅಂಗಳದಿಂದ ಹೊರಟೆವು. ಹೆಸ್ಕೆತ್ ಮೂವತ್ತೈದರ ಆಸುಪಾಸಿನ, ಇಸ್ತ್ರಿ ಮಾಡಿದ ಪ್ಯಾಂಟಿನ, ಸೌಜನ್ಯದ ಮನುಷ್ಯ. ಅವರಿಗೆ ಒಂದೇ ಒಂದು ಗೀಳು: ಏನಿದ್ದರೂ ಬರವಣಿಗೆಯಲ್ಲಿ ಇರಬೇಕು. ನಾನು ಕೊಟ್ಟ ಚಹಾ ಚೆನ್ನಾಗಿದೆ ಎಂದು ಹೇಳುವಾಗಲೂ ಅವರ ಬೆರಳು ಪೆನ್ನಿನ ಮೇಲಿತ್ತು. ಐಸಾಕ್‌ನ ಮನೆಯನ್ನು ಖಾಲಿ ಮಾಡಿಸಿ ಬೇಸಿಗೆಯ ಅತಿಥಿಗಳಿಗಾಗಿ ಸಿಂಗರಿಸುವ ನಕ್ಷೆ ಎಸ್ಟೇಟಿನ ಕಚೇರಿಯಲ್ಲಿ ಸಿದ್ಧವಾಗಿದೆ ಎಂಬ ಸುದ್ದಿ ಊರಿನಲ್ಲಿತ್ತು. ಅವರ ಸೌಜನ್ಯ ನೋಡಿದಾಗ ಸುದ್ದಿ ನಿಜವಿರಬೇಕೆನ್ನಿಸಿತು.

ಪಿಕರ್ಸ್‌ಗಿಲ್ ಹೊಸ ಬೂಟು ಕೊಂಡು ಬಂದಿದ್ದರು. ಐದನೆಯವನು ವಿಲ್ಫ್ ಡಿಕ್ಸನ್. ಕಸುಬಿನಲ್ಲಿ ಕಟುಕ, ಬೆಟ್ಟದಲ್ಲಿ ಸಿಕ್ಕಿಬಿದ್ದವರನ್ನು ಎಳೆದು ತರುವ ನಮ್ಮ ಸ್ವಯಂಸೇವಕ ತಂಡದ ಮುಖ್ಯಸ್ಥ. ಹೆಗಲಲ್ಲಿ ಹಗ್ಗ.

“ಹಗ್ಗ ಯಾಕೆ ವಿಲ್ಫ್? ಇವತ್ತು ಮಂಜಿಲ್ವಲ್ಲ,” ಎಂದೆ.

“ಮಂಜಿಲ್ಲ. ಮೇಷ್ಟ್ರಿದ್ದಾರಲ್ಲ,” ಎಂದ ವಿಲ್ಫ್, ದನಿ ತಗ್ಗಿಸದೆ.

ಬ್ಲೀಮೈರನ್ನು ಹತ್ತುವುದು ಹತ್ತುವಿಕೆಯಲ್ಲ. ಒದ್ದೆ ಹಾಸಿಗೆಯ ಮೇಲಿನ ನಡಿಗೆ. ಮೊದಲ ಅರ್ಧ ಗಂಟೆ ಆಪುಹುಲ್ಲು, ಆಮೇಲೆ ಬಿಳಿ ಕುಚ್ಚಿನ ಹುಲ್ಲು, ಆಮೇಲೆ ಏನೂ ಅಲ್ಲದ ಕಪ್ಪು. ಐಸಾಕ್ ಕಂದು ಪೊದೆ ಇರುವಲ್ಲಿ ಮಾತ್ರ ಪಾದವೂರುತ್ತ, ಒಣ ಬೂಟಿನಲ್ಲಿ ಮುಂದೆ ಸಾಗಿದ. ಅವನ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ನಾನು ನಡೆದೆ. ಪಿಕರ್ಸ್‌ಗಿಲ್ ಆರೋಪಿಯ ಹೆಜ್ಜೆಯಲ್ಲಿ ನಡೆಯುವುದು ನ್ಯಾಯಕ್ಕೆ ತಕ್ಕದ್ದಲ್ಲವೆಂದು ತಮ್ಮದೇ ದಾರಿ ಹುಡುಕಿದರು.

“ಸಾರ್, ಹಸಿರು ಕಂಡಲ್ಲಿ ಕಾಲಿಡ್ಬೇಡಿ,” ಎಂದು ವಿಲ್ಫ್ ಹೆಸ್ಕೆತ್ತರಿಗೆ ಹೇಳಿದ. “ಇಲ್ಲಿ ಹಸಿರು ಅಂದ್ರೆ ಸ್ನಾನ.”

“ಆದರೆ ಇದು ನೋಡೋಕೆ ಎಷ್ಟು ಗಟ್ಟಿಯಾಗಿದೆ!” ಎಂದು ಹೇಳಿದ ಹೆಸ್ಕೆತ್, ಮಾತು ಮುಗಿಯುವಷ್ಟರಲ್ಲಿ ಮೊಣಕಾಲಿನವರೆಗೆ ಇಳಿದಿದ್ದರು. ಕಾಲು ಹೊರಬಂದಾಗ ಜವುಗು ದೊಡ್ಡದಾಗಿ ಚಪ್ಪರಿಸಿತು. ಇಸ್ತ್ರಿಯ ಗೆರೆ ಒಂದು ಕಾಲಿನಲ್ಲಿ ಮಾತ್ರ ಉಳಿಯಿತು.

“ಇದನ್ನ ನಡಾವಳಿಯಲ್ಲಿ ಬರೀಬೇಕಾ?” ಎಂದು ಕೇಳಿದೆ.

“ಅವಶ್ಯ ಇಲ್ಲ ಮಿಸೆಸ್ ಬ್ರೈತ್‌ವೇಟ್.”

ಹನ್ನೊಂದನೇ ಗುಪ್ಪೆ ದಾಟಿ, ಕುರಿಗಳ ಕಾಲುದಾರಿಯಲ್ಲಿ ಸುತ್ತಿ ದಿಬ್ಬದ ಬೆನ್ನಿಗೆ ಬಂದಾಗ ಹನ್ನೊಂದು ಗಂಟೆ ದಾಟಿತ್ತು. ಆಗ ಮೋಡ ಸರಿಯಿತು. ಎಡಗಡೆ ಬೋಫೆಲ್, ಅದರ ಹಿಂದೆ ಸ್ಕಾಫೆಲ್‌ನ ಕಪ್ಪು ಗೋಡೆಗಳು, ಬಲಕ್ಕೆ ಗ್ರೇಟ್ ಗೇಬಲ್‌ನ ದುಂಡು ಭುಜ, ಇತ್ತ ತೀರ ಎಡಕ್ಕೆ ಲ್ಯಾಂಗ್‌ಡೇಲ್ ಶಿಖರಗಳ ಜೋಡಿ. ಹುಟ್ಟಿದಂದಿನಿಂದ ನೋಡಿದ್ದೇನೆ; ಆದರೂ ಕೈಯಲ್ಲಿದ್ದ ಪುಸ್ತಕವನ್ನು ಮುಚ್ಚಿದೆ. ವಾದಿ, ಪ್ರತಿವಾದಿ, ನ್ಯಾಯಾಧೀಶ ಮೂವರೂ ಒಂದೇ ಸಾಲಿನಲ್ಲಿ ಬಾಯಿ ತೆರೆದು ನಿಂತರು. ಅರ್ಧ ನಿಮಿಷ ಯಾರೂ ಯಾರನ್ನೂ ಮನೆಯಿಂದ ಹೊರಹಾಕಲು ಬಯಸಲಿಲ್ಲ.

ನಂತರ ಪಿಕರ್ಸ್‌ಗಿಲ್ ಗಂಟಲು ಸರಿಮಾಡಿಕೊಂಡರು.

*

ಹನ್ನೆರಡನೇ ಗುಪ್ಪೆ ನನ್ನ ಭುಜಕ್ಕೆ ಬರುತ್ತಿತ್ತು. ಐಸಾಕ್ ಹೇಳಿದ್ದು ಸರಿ. ಹೊಟ್ಟೆ ಮುಂದೆ ಬಂದಿತ್ತು. ಇಪ್ಪತ್ತು ಗಜದಲ್ಲಿ ಅವನದೇ ಹಳೆಯ ಕುರಿದೊಡ್ಡಿ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಕೂರಿಸಿದ ಅದರ ಗೋಡೆ ಅರ್ಧ ಕರಗಿಹೋಗಿತ್ತು.

“ಗಮನಿಸಿ,” ಎಂದರು ಪಿಕರ್ಸ್‌ಗಿಲ್, ಶಾಲೆಯ ಕರಿಹಲಗೆಯ ಮುಂದೆ ನಿಂತವರಂತೆ. “ಈ ಜವುಗಿನಲ್ಲಿ ಕಲ್ಲು ಹುಟ್ಟಲ್ಲ. ಗುಪ್ಪೆಯ ಕಲ್ಲೆಲ್ಲ ಈ ಗೋಡೆಯದು. ಗೋಡೆ ಯಾರದು? ಮೌನ್ಸಿಯದು. ಕಣಿವೆಯಲ್ಲಿ ಕಲ್ಲುಗೋಡೆ ಕಟ್ಟೋದರಲ್ಲಿ ಎತ್ತಿದ ಕೈ ಯಾರದು? ಮೌನ್ಸಿಯದು. ಚಾರಣಿಗರನ್ನ ಕಂಡರೆ ಆಗದವನು ಯಾರು?”

“ನಾನು ಎಲ್ರನ್ನೂ ಸಮನಾಗೇ ಕಾಣ್ತೀನಿ,” ಎಂದ ಐಸಾಕ್. “ಯಾರನ್ ಕಂಡ್ರೂ ಆಗಲ್ಲ.”

“ಮೌನ್ಸಿಯವರೇ, ಗೋಡೆ ನಿಮ್ಮದೇ ತಾನೆ?” ಎಂದು ಹೆಸ್ಕೆತ್ ಕೇಳಿದರು.

“ನಂದೇ ಸಾರ್. ಎರಡ್ ವರ್ಷದಿಂದ ಯಾರೋ ಕದೀತಾವ್ರೆ. ಒಂದೊಂದೇ ಕಲ್ಲು. ಯಾರು ಅಂತ ಗೊತ್ತಾಗ್ಲಿಲ್ಲ.”

ಆಗ ನಡೆದದ್ದನ್ನು ನಾನು ನಡಾವಳಿಯಲ್ಲಿ ಇದ್ದದ್ದು ಇದ್ದಂತೆಯೇ ಬರೆದಿದ್ದೇನೆ. ಪಿಕರ್ಸ್‌ಗಿಲ್ ಹೊಟ್ಟೆಯುಬ್ಬಿದ ಭಾಗವನ್ನು ತೋರಿಸಲು ಗುಪ್ಪೆಯ ಕಡೆಗೆ ನಡೆದರು. ನಡೆಯುತ್ತ, ಮಾತು ನಿಲ್ಲಿಸದೆ, ಗೋಡೆಯ ಬಳಿ ಬಗ್ಗಿದರು. ಅಂಗೈಯಗಲದ ಒಂದು ಕಲ್ಲನ್ನು ಎತ್ತಿಕೊಂಡರು. ಗುಪ್ಪೆಯ ನೆತ್ತಿಯ ಮೇಲೆ ಅದನ್ನು ಮೆಲ್ಲಗೆ ಇಟ್ಟರು. ಮತ್ತೆ ನಮ್ಮ ಕಡೆ ತಿರುಗಿದರು.

“ಅಂದರೆ ಇದು ಒಬ್ಬನೇ ಮನುಷ್ಯನ ದುರುದ್ದೇಶದ ಕೃತ್ಯ—”

“ಮೇಷ್ಟ್ರೇ,” ಎಂದ ಐಸಾಕ್. “ಅದು ನನ್ ಗೋಡೆ ಕಲ್ಲು.”

ಪಿಕರ್ಸ್‌ಗಿಲ್ ತಮ್ಮ ಕೈಯನ್ನು, ಅದು ಬೇರೆ ಯಾರದೋ ಎಂಬಂತೆ, ನೋಡಿಕೊಂಡರು. “ಇದು... ಇದು ಪದ್ಧತಿ. ಗುಪ್ಪೆಯ ಹತ್ತಿರ ಬಂದವರು ಒಂದು ಕಲ್ಲು ಇಡ್ತಾರೆ. ಮುಂದೆ ಬರೋರಿಗೆ ಒಳ್ಳೇದಾಗಲಿ ಅಂತ. ಎಲ್ಲರೂ ಇಡ್ತಾರೆ.”

“ಎಲ್ರೂ?”

ವಿಲ್ಫ್ ಹಗ್ಗದ ಗಂಟನ್ನು ಪರೀಕ್ಷಿಸಿದ. ನಾನು ಪೆನ್ಸಿಲಿನ ತುದಿ ನೋಡಿದೆ. ಹೆಸ್ಕೆತ್ ತಮ್ಮ ಎಡಗೈಯಲ್ಲಿದ್ದ ಒಂದು ಪುಟ್ಟ ಕಲ್ಲನ್ನು ಸದ್ದಾಗದಂತೆ ಹುಲ್ಲಿಗೆ ಬಿಟ್ಟರು.

ನಾವು ಹಾಗೆಯೇ. ಮಳೆಯಲ್ಲಿ ಅಪರಿಚಿತನಿಗೆ ‘ಒಳ್ಳೆಯ ದಿನ’ ಎನ್ನುವಂತೆ, ಗುಪ್ಪೆ ಕಂಡರೆ ಕಲ್ಲು ಇಡುತ್ತೇವೆ. ಅದು ಅಲ್ಲಿ ಯಾಕಿದೆ ಎಂದು ಕೇಳುವುದು ಸಭ್ಯತೆಯಲ್ಲ. ಕುರುಬರು ಮಾತ್ರ ಇಡುವುದಿಲ್ಲ. ಕಲ್ಲು ಗೋಡೆಯಲ್ಲಿರಬೇಕು, ಇಲ್ಲವೇ ನೆಲದಲ್ಲಿರಬೇಕು ಎಂಬುದು ಅವರ ಮತ.

ಮುಖ್ಯೋಪಾಧ್ಯಾಯರು ಬೇಗ ಚೇತರಿಸಿಕೊಂಡರು. “ಆಯಿತು. ಮೇಲಿನ ಕಲ್ಲುಗಳು ಪದ್ಧತಿ. ಆದರೆ ಬರೀ ಹುಲ್ಲಿನ ಮೇಲೆ ಪದ್ಧತಿ ಹುಟ್ಟಲ್ಲ. ಯಾರೋ ಒಬ್ಬ ಮೊದಲು ಇಟ್ಟಿರಬೇಕು. ಜನ ಮುಂದುವರಿಸ್ತಾರೆ ಅಂತ ಗೊತ್ತಿದ್ದೇ ಇಟ್ಟಿರಬೇಕು. ಅಲ್ಲಿರೋದು ದುರುದ್ದೇಶ.”

“ಹಂಗಾದ್ರೆ ಬಿಚ್ಚಿ,” ಎಂದ ಐಸಾಕ್.

“ಏನನ್ನ?”

“ಗುಪ್ಪೇನ. ತಳದವರೆಗೂ. ಗೋಡೆ ಕಟ್ಟೋನ ಕೈ ತಳದ ಸಾಲಲ್ಲಿ ಗೊತ್ತಾಗತ್ತೆ. ಅಪ್ಪನ ಕೈ ಬೇರೆ, ನಂದು ಬೇರೆ, ಪಕ್ಕದ ಕಣಿವೆಯೋರದು ಬೇರೆ. ತಳದ ಕಲ್ಲು ಯಾರ್ದೋ ಅವನೇ ಕಳ್ಳ.”

ಹೆಸ್ಕೆತ್ ಯೋಚಿಸಿದರು. ಗೋಡೆ ಕಟ್ಟುವವನ ಕೈ ತಳದಲ್ಲಿ ಸಿಕ್ಕರೆ ಕಣಿವೆಯಲ್ಲಿ ಅಂಥ ಕೈ ಒಂದೇ ಎಂಬುದು ಅವರಿಗೂ ಹೊಳೆದಿರಬೇಕು, ಮುಖ ಅರಳಿತು. “ನ್ಯಾಯವಾದ ಮಾತು. ಅಡಿಗಲ್ಲು ಇಟ್ಟವರೇ ಹೊಣೆ. ಬರೆದುಕೊಳ್ಳಿ ಮಿಸೆಸ್ ಬ್ರೈತ್‌ವೇಟ್.”

“ಅಡಿಗಲ್ಲು ನಂದಲ್ಲ ಅಂತಾದ್ರೆ?” ಎಂದ ಐಸಾಕ್.

“ಆಗ ನಿಮ್ಮ ಗುತ್ತಿಗೆಗೆ ಏನೂ ತೊಂದರೆ ಇಲ್ಲ. ಮುಂದುವರಿಯುತ್ತೆ.”

“ಎಲ್ಲೀವರೆಗೆ?”

“ನಿಮ್ಮ ಜೀವ ಇರೋ ತನಕ ಅಂತ ಇಟ್ಟುಕೊಳ್ಳಿ.”

“ಇಟ್ಕೊಳಲ್ಲ ಸಾರ್. ಬರೆಸ್ಕೊಳ್ತೀನಿ.”

ತಮ್ಮ ಗೀಳು ಇನ್ನೊಬ್ಬನ ಬಾಯಿಂದ ಬಂದದ್ದಕ್ಕೆ ಹೆಸ್ಕೆತ್ ಸಂತೋಷಪಟ್ಟರು. ನಾನು ಬರೆದೆ. ಪಿಕರ್ಸ್‌ಗಿಲ್ ಒಂದು ವಾಕ್ಯ ಸೇರಿಸಿಯೇ ತೀರಬೇಕೆಂದರು: ಹೊಣೆಗಾರ ಯಾರೇ ಆಗಿರಲಿ, ಮುಳುಗಿದ ಒಂಬತ್ತು ಜನರಿಗೂ ಪ್ರತ್ಯೇಕವಾಗಿ ಕ್ಷಮಾಪಣೆಯ ಪತ್ರ ಬರೆಯಬೇಕು, ಮತ್ತು ಕಲ್ಲುಗಳನ್ನೆಲ್ಲ ಸ್ವಂತ ಕೈಯಿಂದ ಹೊತ್ತು ಗೋಡೆಗೆ ಹಿಂತಿರುಗಿಸಬೇಕು. “ಯಾರೇ ಆಗಿರಲಿ ಅನ್ನೋದರ ಕೆಳಗೆ ಗೆರೆ ಎಳೀರಿ,” ಎಂದು ಹೆಸ್ಕೆತ್ ಹೇಳಿದರು. ಎಳೆದೆ. ಅವರು ಸಹಿ ಹಾಕಿದರು. ಪಿಕರ್ಸ್‌ಗಿಲ್ ಸಾಕ್ಷಿ ಹಾಕಿದರು. ಐಸಾಕ್ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ತನ್ನ ಹೆಸರನ್ನು ಬರೆದ.

*

ಬಿಚ್ಚುವ ಕೆಲಸ ವಿಲ್ಫ್‌ನದು. ಮೇಲಿನ ಎರಡು ಅಡಿ ಸರಾಗವಾಗಿ ಇಳಿಯಿತು. ಆಮೇಲೆ ಕೈಗಳು ತಡವರಿಸಿದವು.

ಮೊದಲು ಹೊರಬಂದದ್ದು ಒಂದು ನುಣುಪಾದ ಚಪ್ಪಟೆ ಕಲ್ಲು. ಅದರ ಮೇಲೆ ಮೊಳೆಯಿಂದ ಗೀಚಿದ ಅಕ್ಷರಗಳಿದ್ದವು: ‘ಲೀಡ್ಸ್ ಚಾರಣ ಸಂಘ, ಐವತ್ತರ ಸಂಭ್ರಮ’.

“ಇದು ಎಲ್ಲಿಂದ ಬಂತು ಮೇಷ್ಟ್ರೇ?” ಎಂದು ವಿಲ್ಫ್ ವಿಚಾರಿಸಿದ.

“ಅದು ಸಂಘದ ತೀರ್ಮಾನ,” ಎಂದರು ಪಿಕರ್ಸ್‌ಗಿಲ್. “ಬಹುಮತದ ತೀರ್ಮಾನ.”

ಅದರ ಕೆಳಗೆ ಕೆಂಪು ಬಣ್ಣ ಮೆತ್ತಿದ ಐದಾರು ಕಲ್ಲುಗಳು ಸಿಕ್ಕವು. ಈಗ ವಿಲ್ಫ್‌ನ ಮುಖವೇ ಅವುಗಳಿಗೆ ಹೊಂದುವ ಬಣ್ಣಕ್ಕೆ ತಿರುಗಿತು. ಅವನ ತಂಡ ಗಾಯಾಳುಗಳನ್ನು ಹೊರುವ ಸ್ಟ್ರೆಚರಿನ ಹಿಡಿಕೆಗೆ ಬಳಿಯುವ ಬಣ್ಣ ಅದು. ದಾದಿಯನ್ನು ಎಳೆದು ತೆಗೆದ ದಿನ, ದಂತವೈದ್ಯನನ್ನು ಎಳೆದು ತೆಗೆದ ದಿನ, ಪ್ರತಿ ಸಲವೂ, ಕೆಲಸ ಸುಸೂತ್ರವಾಗಿ ಮುಗಿದ ನೆಮ್ಮದಿಗೆ ಹುಡುಗರು ಒಂದೊಂದು ಕಲ್ಲು ಇಟ್ಟು ಇಳಿದಿದ್ದರು.

“ಪಾರು ಮಾಡಿದ್ದೂ ನೀವೇ, ಬೀಳಿಸಿದ್ದೂ ನೀವೇ,” ಎಂದ ಐಸಾಕ್. “ಕಸುಬು ಚೆನ್ನಾಗೈತೆ ಕಣೋ ವಿಲ್ಫ್.”

“ನೀನ್ ಸುಮ್ನಿರಯ್ಯಾ.”

ಸೊಂಟದ ಮಟ್ಟದಲ್ಲಿ ಒಂದು ಬೆಳ್ಳನೆಯ ಕಲ್ಲು ಬಂದಿತು. ನಮ್ಮ ಗುಡ್ಡದಲ್ಲಿ ಬಿಳಿ ಕಲ್ಲು ಸಿಗುವುದಿಲ್ಲ. ಗಂಡ ತೀರಿಹೋದ ಮೊದಲ ವರ್ಷದ ದಿನ, ನಾವಿಬ್ಬರೂ ಸಮುದ್ರತೀರದಿಂದ ತಂದು ಕಿಟಕಿಯಲ್ಲಿಟ್ಟಿದ್ದ ಕಲ್ಲೊಂದನ್ನು ಇಲ್ಲಿಗೆ ಹೊತ್ತು ತಂದು ಇಟ್ಟವಳು ನಾನು. ಇಲ್ಲಿಂದ ನೋಟ ಚೆನ್ನಾಗಿದೆಯೆಂದು. ವಿಲ್ಫ್ ಅದನ್ನು ನೋಡಿ, ನನ್ನನ್ನು ನೋಡಿ, ಬದಿಗಿಟ್ಟ. ಐಸಾಕ್ ಮುಖ ತಿರುಗಿಸಿ ಗ್ರೇಟ್ ಗೇಬಲನ್ನು ನೋಡಿದ. ಮನೆ ಕಳೆದುಕೊಳ್ಳುವ ದಿನವೂ ಅವನಿಗೆ ಅಷ್ಟು ಮರ್ಯಾದೆ ತಿಳಿದಿತ್ತು. ನಡಾವಳಿಯಲ್ಲಿ ನಾನು ‘ಒಂದು ಬಿಳಿ ಕಲ್ಲು, ಮಾಲೀಕರು: ಕಾರ್ಯದರ್ಶಿ’ ಎಂದು ಬರೆದೆ.

ಹನ್ನೆರಡೂವರೆಗೆ ಮೂರು ಕಲ್ಲು ಉಳಿದವು.

ಐಸಾಕ್ ಮಂಡಿಯೂರಿದ. ಕೈಬೆರಳನ್ನು ಕಲ್ಲುಗಳ ಸಂದಿನಲ್ಲಿ ಆಡಿಸಿದ. ಗಾಳಿ ನಿಂತಿತ್ತು, ದೂರದಲ್ಲಿ ಅವನದೇ ಒಂದು ಕುರಿ ಕೆಮ್ಮಿತು. ಅವನು ಒಂದೊಂದು ಕಲ್ಲಿನ ಅಂಚನ್ನೂ ಎರಡೆರಡು ಸಲ ಸವರಿದ. ಇವನೇ ಇಟ್ಟದ್ದಾಗಿದ್ದರೆ? ಪಬ್ಬಿನಿಂದ ಮರಳುವ ಯಾವುದೋ ಸಂಜೆ, ಹಾಳು ಸಿಟ್ಟಿನಲ್ಲಿ, ಮೂರೇ ಮೂರು ಕಲ್ಲು?

“ಇದು ಗೋಡೆ ಕಟ್ಟೋನ ಕೈ ಅಲ್ಲ,” ಎಂದ ಕೊನೆಗೆ. “ಕಲ್ಲಿನ ಮುಖ ಯಾವ್ದು, ಬೆನ್ನು ಯಾವ್ದು ಅಂತ ಗೊತ್ತಿಲ್ದೋನು ಇಟ್ಟಿರೋದು.”

“ಹೇಳ್ತಿರೋರು ಯಾರು?” ಎಂದರು ಪಿಕರ್ಸ್‌ಗಿಲ್. “ಆರೋಪಿ! ತನ್ನ ಕೈ ಅಲ್ಲ ಅಂತ ಆರೋಪಿಯೇ ಹೇಳಿದರೆ ಅದು ಸಾಕ್ಷಿಯಾಗತ್ತಾ? ಬೇಕು ಅಂತಲೇ ಕೆಟ್ಟದಾಗಿ ಇಟ್ಟಿರಬಹುದಲ್ಲ?”

ಹೆಸ್ಕೆತ್ ವಿಷಾದದಿಂದ ತಲೆಯಾಡಿಸಿದರು. “ಆ ಮಾತಲ್ಲೂ ನ್ಯಾಯ ಇದೆ ಮೌನ್ಸಿಯವರೇ. ನಿಮ್ಮ ಹೇಳಿಕೆಯನ್ನ ನಾನು ಒಪ್ಪೋಕಾಗಲ್ಲ. ಬೇರೆ ಪುರಾವೆ ಇಲ್ಲ ಅಂದರೆ—”

ಐಸಾಕ್ ನಿಧಾನವಾಗಿ ಟೋಪಿ ತೆಗೆದ.

“ಒಂದ್ ನಿಮಿಷ,” ಎಂದ ವಿಲ್ಫ್. ನಡುವಿನ ಕಲ್ಲನ್ನು ಎತ್ತಿ ಹಿಡಿದಿದ್ದ. ಅದರ ಅಡಿಯಲ್ಲಿ, ಹಳದಿಗಟ್ಟಿದ ಹುಲ್ಲಿನಲ್ಲಿ, ಕ್ಯಾಮೆರಾದ ಫಿಲ್ಮು ಸುರುಳಿ ಹಾಕಿಡುವ ಪುಟ್ಟ ಕಪ್ಪು ಡಬ್ಬಿಯೊಂದು ಮಲಗಿತ್ತು. ಮುಚ್ಚಳ ಭದ್ರವಾಗಿತ್ತು. ಅಲ್ಲಾಡಿಸಿದಾಗ ಒಳಗೆ ಕಾಗದ ಸರಿದ ಸದ್ದಾಯಿತು.

ಐವರೂ ಹತ್ತಿರ ಬಂದೆವು. ವಿಲ್ಫ್ ಅದನ್ನು ಹೆಸ್ಕೆತ್ತರಿಗೆ ಕೊಡಲು ಹೋದ. ಅವರು ಕೈ ಹಿಂತೆಗೆದರು.

“ನಾನು ಮುಟ್ಟಬಾರದು. ಪರಿಶೀಲನಾಧಿಕಾರಿ ನಾನು. ಕಾರ್ಯದರ್ಶಿಯವರು ತೆರೀಲಿ, ಎಲ್ಲರ ಮುಂದೆ.”

ತೆರೆದೆ. ನಾಲ್ಕು ಮಡಿಕೆಯ ಕಾಗದ. ಒದ್ದೆಯಾಗಿರಲಿಲ್ಲ. ಶಾಯಿಯ ಅಕ್ಷರಗಳು ದುಂಡಾಗಿ, ಸ್ಪಷ್ಟವಾಗಿ, ಒಂದಕ್ಕೊಂದು ಸಮನಾಗಿ ನಿಂತಿದ್ದವು. ಮೊದಲು ಮನಸ್ಸಿನಲ್ಲಿಯೇ ಓದಿಕೊಂಡೆ. ಕೆಳಗಿನ ಹೆಸರಿಗೆ ಬಂದಾಗ ಮತ್ತೊಮ್ಮೆ ಮೊದಲಿನಿಂದ ಓದಿದೆ.

“ಪೂರ್ತಿ ಓದಬೇಕಾ?” ಎಂದು ಹೆಸ್ಕೆತ್ತರನ್ನು ಕೇಳಿದೆ.

“ಒಂದಕ್ಷರ ಬಿಡದೆ. ಹೆಸರಿದ್ದರೆ ಅದನ್ನ ವಿಶೇಷವಾಗಿ ಗಟ್ಟಿಯಾಗಿ ಓದಿ, ಆಮೇಲೆ ಯಾರೂ ಕೇಳಿಸಲಿಲ್ಲ ಅನ್ನಬಾರದು.”

ಗಟ್ಟಿಯಾಗಿಯೇ ಓದಿದೆ:

“‘ಛಾಯಾಗ್ರಾಹಕರಿಗೆ. ಸುತ್ತಲಿನ ಶಿಖರಗಳೆಲ್ಲ ಒಂದೇ ಚೌಕಟ್ಟಿನೊಳಗೆ ಕಾಣುವ ಜಾಗ ಇದು. ಎಸ್ಟೇಟಿನ ಕ್ಯಾಲೆಂಡರಿಗೆ ಚಿತ್ರವನ್ನು ಇಲ್ಲಿಂದಲೇ ತೆಗೆಯುವುದು. ನಿಮಗೆ ಜಾಗ ತಿಳಿಯಲೆಂದು ಹತ್ತಿರದ ಗೋಡೆಯಿಂದ ಮೂರು ಕಲ್ಲು ತಂದು ಇಟ್ಟಿರುತ್ತೇನೆ. ಕೆಲಸ ಮುಗಿದೊಡನೆ ಇವನ್ನು ತಪ್ಪದೆ ತೆಗೆದುಹಾಕತಕ್ಕದ್ದು. ಇಲ್ಲವಾದರೆ ದಾರಿಹೋಕರು ಗಲಿಬಿಲಿಗೊಳ್ಳುವ ಸಂಭವವಿದೆ.’”

ಕುರಿ ಮತ್ತೆ ಕೆಮ್ಮಿತು. ಐಸಾಕ್ ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು, ನನ್ನ ಬಾಯಿಯನ್ನೇ ನೋಡುತ್ತಿದ್ದ.

“ಸಹಿ ಯಾರ್ದು ಡೈನಾ?” ಎಂದ ವಿಲ್ಫ್.

“ಜೈಲ್ಸ್ ಹೆಸ್ಕೆತ್.”